ಕುರಿಯಲ್ಲದ ಕೊಂಡುಕುರಿ, ಮೆಕ್ಕೆಯದಲ್ಲದ ಜೋಳ

(ಚನ್ನಗಿರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ನಾನು ಮೇಷ್ಟ್ರಾಗಿ ಸೇರಿದ ಹೊಸದರಲ್ಲಿ ಜಗಳೂರು ಕಡೆಯ ಒಂದು ಪ್ರೌಢಶಾಲೆಯಲ್ಲಿ ಪ್ರಾಣಿಗಳ ವರ್ಗೀಕರಣದ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಕುರಿಗಾಹಿಗಳ ಮನೆಯ ಹುಡುಗ. “ಸಾರ್, ಕೊಂಡುಕುರಿ ಕುರಿನಾ, ಜಿಂಕೆನಾ?” ಎಂದು ಕೇಳಿದ. ಉತ್ತರ ನನಗೆ ತಿಳಿದಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ನಾಳೆ ಹೋಗಿ ಒಂದು ವಾರವಾಯಿತು. ಸಿಕ್ಕ ಉತ್ತರ ನನ್ನನ್ನು ಇವತ್ತಿನವರೆಗೂ ಬಿಟ್ಟಿಲ್ಲ. ಕೊಂಡುಕುರಿ ಕುರಿಯಲ್ಲ, ಜಿಂಕೆಯೂ ಅಲ್ಲ. ಅದು ದನದ ಬಳಗದ್ದು.

ಕೊಂಬಿರುವ, ಮೆಲುಕು ಹಾಕುವ ಪ್ರಾಣಿಗಳ ದೊಡ್ಡ ಕುಟುಂಬದಲ್ಲಿ ಹಸು, ಎಮ್ಮೆ, ಕಾಟಿಗಳಿರುವ ಕವಲೊಂದುಂಟು. ಕುರಿ, ಮೇಕೆಗಳದು ಬೇರೆ ಕವಲು. ನಾಯಿಗಿಂತ ಸ್ವಲ್ಪ ಎತ್ತರ, ಸಣ್ಣ ಕಾಲು, ಅಂಜುಬುರುಕ ನಡೆ, ಹೀಗಿರುವ ನಮ್ಮ ಕೊಂಡುಕುರಿ ನಿಂತಿರುವುದು ಹಸುವಿನ ಕವಲಿನಲ್ಲಿ. ಇವತ್ತು ಬದುಕಿರುವ ಪ್ರಾಣಿಗಳಲ್ಲಿ ಅದರ ತೀರ ಹತ್ತಿರದ ನೆಂಟ ಉತ್ತರ ಭಾರತದ ನೀಲಗಾಯಿ. ಭಾರತ, ನೇಪಾಳ ಬಿಟ್ಟರೆ ಕೊಂಡುಕುರಿ ಕಾಡಿನಲ್ಲಿ ಇನ್ನೆಲ್ಲೂ ಇಲ್ಲ. ಗಂಡಿಗೆ ನಾಲ್ಕು ಕೊಂಬು. ಕಿವಿಗಳ ನಡುವೆ ಒಂದು ಉದ್ದನೆಯ ಜೋಡಿ, ಹಣೆಯ ಮೇಲೆ ಬೆರಳುಗಂಟಿನಷ್ಟು ಇನ್ನೊಂದು ಜೋಡಿ. ಕಾಡುಪ್ರಾಣಿಗಳಲ್ಲಿ ಹೀಗೆ ನಾಲ್ಕು ಕಾಯಂ ಕೊಂಬು ಹೊತ್ತದ್ದು ಇದೊಂದೇ. ಅಂಥ ಪ್ರಾಣಿಗಾಗಿಯೇ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಸುಮಾರು 77 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ವನ್ಯಧಾಮವೆಂದು ಘೋಷಿಸಿದರು. ಬರದ ಸೀಮೆ ಎಂದು ಎಲ್ಲರೂ ಮರುಗುವ ಜಗಳೂರಿಗೆ ಲೋಕದಲ್ಲೇ ಅಪರೂಪದ ಆಸ್ತಿ ಇದೆ. ಇದನ್ನು ಆ ತಾಲ್ಲೂಕಿನ ಮಕ್ಕಳಿಗೆ ಮೊದಲ ಪಾಠವಾಗಿ ಹೇಳಬೇಕು.

ನಮ್ಮವರು ದನದ ಬಳಗದ್ದನ್ನು ಕುರಿ ಎಂದರಲ್ಲ, ವಿಜ್ಞಾನಿಗಳಾದರೂ ನೆಟ್ಟಗೆ ಹೆಸರಿಟ್ಟರೇ? ಇದರ ಶಾಸ್ತ್ರೀಯ ಹೆಸರು ಟೆಟ್ರಾಸೆರಸ್ ಕ್ವಾಡ್ರಿಕಾರ್ನಿಸ್. ಮೊದಲ ಪದ ಗ್ರೀಕ್, ಅದರ ಅರ್ಥ ನಾಲ್ಕು ಕೊಂಬಿನದು. ಎರಡನೆಯದು ಲ್ಯಾಟಿನ್, ಅದರ ಅರ್ಥವೂ ನಾಲ್ಕು ಕೊಂಬಿನದು. ‘ನಾಲ್ಕು ಕೊಂಬಿನ ನಾಲ್ಕು ಕೊಂಬಿನದು’ ಎಂದು ಕರೆದಂತಾಯಿತು. ನೀಲಗಾಯಿಯ ಕಥೆ ಇನ್ನೂ ಸೊಗಸು. ಬೋಸೆಲಾಫಸ್ ಟ್ರಾಗೋಕ್ಯಾಮೆಲಸ್ ಎಂಬ ಅದರ ಹೆಸರನ್ನು ಬಿಡಿಸಿದರೆ ಹಸು, ಜಿಂಕೆ, ಹೋತ, ಒಂಟೆ, ನಾಲ್ಕೂ ಹೊರಗೆ ಬರುತ್ತವೆ. ಎದುರಿಗಿರುವುದು ಯಾವ ಪ್ರಾಣಿಯಂತಿದೆ ಎಂದು ತೋಚದೆ ಕಂಡ ಹೋಲಿಕೆಗಳನ್ನೆಲ್ಲ ಪೋಣಿಸಿಬಿಟ್ಟರು. ‘ನೀಲಿ ಹಸು’ ಎಂದು ಕರೆದ ಉತ್ತರದ ಹಳ್ಳಿಗರೇ ಸತ್ಯಕ್ಕೆ ಹತ್ತಿರವಿದ್ದರು.

ಆ ಹುಡುಗನ ಪ್ರಶ್ನೆ ನನಗೊಂದು ದಾರಿ ತೋರಿಸಿತು. ಒಂದು ಹೆಸರು ವಸ್ತುವಿಗೆ ಹೊಂದದೆ ಇದ್ದರೆ ತಪ್ಪು ಎಂದು ಅಲ್ಲಿಗೇ ಬಿಡಬಾರದು, ಹಿಂಬಾಲಿಸಬೇಕು. ಆ ತಪ್ಪಿನಲ್ಲಿ ಯಾರು ಯಾವುದನ್ನು ಮೊದಲು ಕಂಡರು, ಯಾವ ಹಡಗಿನಲ್ಲಿ ಬಂತು, ಯಾವ ನಾಲಿಗೆ ಹೊರಳಿತು ಎಂಬುದೆಲ್ಲ ಅಡಗಿರುತ್ತದೆ. ಇವತ್ತು ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ನಮ್ಮ ಈ ನಾಲ್ಕು ತಾಲ್ಲೂಕುಗಳ ಕೆಲವು ಹೆಸರುಗಳನ್ನು ಹಾಗೆ ಹಿಂಬಾಲಿಸೋಣ.

ರಂಗಯ್ಯನದುರ್ಗದ ಸುತ್ತಿನ ಕುರಿಗಾಹಿಗಳ ನಾಲಿಗೆಯಲ್ಲಿ ದಿನಕ್ಕೊಮ್ಮೆ ಬರುವ ಪದ ತೋಳ. ಇಂಗ್ಲಿಷಿನಲ್ಲಿ ಕಾಡುನಾಯಿಗೆ, ನಮ್ಮ ಸೀಳುನಾಯಿಗೆ, ಇರುವ ಹೆಸರು ‘ಢೋಲ್’. ಅದು ಎಲ್ಲಿಂದ ಬಂತೆಂದು ಖಚಿತವಾಗಿ ಹೇಳಲಾಗದಿದ್ದರೂ ಕನ್ನಡದ ‘ತೋಳ’ದಿಂದ ಬಂದಿರಬಹುದೆಂದು ಇಂಗ್ಲಿಷ್ ನಿಘಂಟೇ ಹೇಳುತ್ತದೆ. ಹಾಗಿದ್ದರೆ ನಮ್ಮ ತೋಳದ ಹೆಸರು ಹಡಗೇರಿ ಹೋಗಿ ಬೇರೆ ಪ್ರಾಣಿಗೆ ಅಂಟಿಕೊಂಡಿದೆ.

ಇನ್ನು ಮೆಕ್ಕೆಜೋಳ. ಜಗಳೂರಿನ ಎರೆ, ಹೊನ್ನಾಳಿಯ ಬೆದ್ದಲು, ಎಲ್ಲಿ ನೋಡಿದರೂ ಮಳೆಗಾಲದಲ್ಲಿ ಇದೇ ಬೆಳೆ. ದಾವಣಗೆರೆ ಜಿಲ್ಲೆ ಎಂದರೆ ಮೆಕ್ಕೆಜೋಳ ಎನ್ನುವಷ್ಟು ಹಬ್ಬಿದೆ. ಹೆಸರು ಕೇಳಿದರೆ ಮೆಕ್ಕಾದಿಂದ ಬಂದ ಜೋಳ ಎನ್ನಿಸುತ್ತದೆ. ಅದು ಮೆಕ್ಕಾದ್ದಲ್ಲ, ಜೋಳವೂ ಅಲ್ಲ. ಅದರ ತವರು ಮೆಕ್ಸಿಕೊ. ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆ ಅಲ್ಲಿನ ಬಾಲ್ಸಾಸ್ ನದಿಯ ಕಣಿವೆಯ ಜನ ಟಿಯೋಸಿಂಟೆ ಎಂಬ ಕಾಡುಹುಲ್ಲನ್ನು ಆರಿಸಿ ಆರಿಸಿ ಬೆಳೆಸಿ ಈ ಗಿಡ ಮಾಡಿದರು. ಕೊಲಂಬಸ್ 1492ರಲ್ಲಿ ಆಚೆ ದಡ ಮುಟ್ಟಿದ ಮೇಲೆ ಅದು ಲೋಕ ಸುತ್ತಿತು. ಹೋದಲ್ಲೆಲ್ಲ ಜನ ಅದಕ್ಕೆ ಪಕ್ಕದೂರಿನ ಹೆಸರಿಟ್ಟರು. ಇಟಲಿಯವರು ‘ತುರ್ಕಿ ಧಾನ್ಯ’ ಎಂದರು. ತುರ್ಕಿಯವರು ‘ಮಿಸಿರ್’ ಎಂದರು, ಅಂದರೆ ಈಜಿಪ್ಟ್. ನಾವು ಮೆಕ್ಕೆ ಎಂದೆವು. ತನ್ನ ಊರಿನದು ಎಂದು ಯಾರೂ ಹೇಳಲಿಲ್ಲ, ಎಲ್ಲರೂ ಬೇರೊಂದು ಊರಿಗೆ ಕೈ ತೋರಿಸಿದರು.  ಮೈಸೂರು ಕಡೆಯವರು ಮಾತ್ರ ಮುಸುಕಿನ ಜೋಳ ಎಂದು ಕರೆದು ಗಿಡದ ಲಕ್ಷಣವನ್ನೇ ಹಿಡಿದರು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಹೆಸರು ಅದೇ.

ಈ ಬೆಳೆ ಇಲ್ಲಿಗೆ ಯಾವಾಗ ಬಂತೆಂಬ ಬಗ್ಗೆ ಕನ್ನಡ ನೆಲದ ಶಿಲ್ಪಗಳನ್ನೇ ಹಿಡಿದು ಒಂದು ದೊಡ್ಡ ವಿವಾದ ನಡೆಯಿತು. ಸೋಮನಾಥಪುರದ 13ನೆಯ ಶತಮಾನದ ಹೊಯ್ಸಳ ದೇವಾಲಯದ ಶಿಲ್ಪಗಳ ಕೈಯಲ್ಲಿ ತೆನೆಯಂಥ ವಸ್ತುವಿದೆ. ಅದು ಮೆಕ್ಕೆಜೋಳವೇ, ಆದ್ದರಿಂದ ಕೊಲಂಬಸ್‌ಗಿಂತ ಮೊದಲೇ ಅಮೆರಿಕದ ಬೆಳೆ ಇಲ್ಲಿತ್ತು ಎಂದು ಅಮೆರಿಕದ ಭೂಗೋಳಶಾಸ್ತ್ರಜ್ಞ ಕಾರ್ಲ್ ಜೋಹಾನೆಸೆನ್ 1989ರಲ್ಲಿ ವಾದ ಹೂಡಿದರು. ಭಾರತದ ಮೆಕ್ಕೆಜೋಳ ತಜ್ಞರಾದ ಪಾಯಕ್ ಮತ್ತು ಸಚಾನ್ ಒಪ್ಪಲಿಲ್ಲ. ಅದು ಮುತ್ತು ಪೋಣಿಸಿದ ಕಲ್ಪನೆಯ ಹಣ್ಣು, ಮುಕ್ತಾಫಲ ಎಂದರು. ಅವರ ಪಕ್ಷವೇ ನನಗೆ ಸರಿ ಕಾಣುತ್ತದೆ. ಇಷ್ಟು ಇಳುವರಿಯ ಬೆಳೆ ಹೊಯ್ಸಳರ ಕಾಲಕ್ಕೇ ಇದ್ದಿದ್ದರೆ ನಮ್ಮ ಶಾಸನಗಳೂ ಕಾವ್ಯಗಳೂ ಅದನ್ನು ಮರೆಯುತ್ತಿರಲಿಲ್ಲ. ಆದರೂ ಆ ದೇವಾಲಯಕ್ಕೆ ಹೋದಾಗ ಶಿಲ್ಪದ ಕೈ ನೋಡದೆ ಬರಬೇಡಿ.

ನಾಳೆ ಹೊಲಕ್ಕೆ ಹೋದಾಗ ಮಾಡಬಹುದಾದ ಕೆಲಸವೊಂದನ್ನು ಹೇಳುತ್ತೇನೆ. ಒಂದು ತೆನೆಯ ಮುಸುಕು ತೆಗೆದು ಕಾಳಿನ ಸಾಲುಗಳನ್ನು ಎಣಿಸಿ. ಹನ್ನೆರಡು, ಹದಿನಾಲ್ಕು, ಹದಿನಾರು, ಯಾವಾಗಲೂ ಸರಿಸಂಖ್ಯೆ. ಮೊಗ್ಗುಗಳು ಜೋಡಿ ಜೋಡಿಯಾಗಿಯೇ ಹುಟ್ಟುವುದರಿಂದ ಹೀಗೆ. ತುದಿಯಲ್ಲಿ ಜೋತಾಡುವ ರೇಷ್ಮೆಯಂಥ ಕೂದಲಿದೆಯಲ್ಲ, ಅದರ ಒಂದೊಂದು ಎಳೆಯೂ ಒಂದೊಂದು ಕಾಳಿನದು. ಎಳೆಯ ತುದಿಗೆ ಪರಾಗ ಬಿದ್ದು ಒಳಗಿನವರೆಗೆ ಕೊಳವೆ ಇಳಿದರೆ ಮಾತ್ರ ಆ ಕಾಳು ಕಟ್ಟುತ್ತದೆ. ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟ ವರ್ಷ ತೆನೆ ಹಲ್ಲುದುರಿದಂತೆ ಕಾಣುವುದು ಇದಕ್ಕೇ. ಇದೇ ತೆನೆಯ ಬಣ್ಣಬಣ್ಣದ ಕಾಳುಗಳನ್ನು ನೋಡುತ್ತ ಬಾರ್ಬರಾ ಮೆಕ್‌ಕ್ಲಿಂಟಾಕ್ ಎಂಬ ಹೆಣ್ಣುಮಗಳು ವಂಶವಾಹಿಗಳು ಜಾಗ ಬದಲಿಸಿ ಜಿಗಿಯುತ್ತವೆ ಎಂದು ಕಂಡುಕೊಂಡರು. ಲೋಕ ದಶಕಗಳ ಕಾಲ ನಂಬಲಿಲ್ಲ. ಕೊನೆಗೆ 1983ರಲ್ಲಿ ನೊಬೆಲ್ ಬಂತು. ಗಿಡದ ಹಿಂದೆಯೇ ಅದರ ಶತ್ರುವೂ ಬಂತು. ಅಮೆರಿಕದ ಸೈನಿಕ ಹುಳು ಭಾರತದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಬೆಳೆಗೆ ಬೇಕಾದದ್ದು ಶತಮಾನಗಳ ಹಡಗಿನ ದಾರಿ. ಹುಳು ಆಫ್ರಿಕಾದಲ್ಲಿ ಕಾಣಿಸಿಕೊಂಡ ಎರಡೇ ವರ್ಷಗಳಲ್ಲಿ ಇಲ್ಲಿತ್ತು.

ಈಗ ಚನ್ನಗಿರಿಗೆ ಬರೋಣ. ಇಲ್ಲಿ ಅಡಿಕೆಯ ಮಾತಾಡದೆ ಎದ್ದು ಹೋದರೆ ನೀವು ಕ್ಷಮಿಸುವುದಿಲ್ಲ.

ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಅಡಿಕೆ ಮರಕ್ಕೆ ಕೊಟ್ಟ ಹೆಸರು ಅರೆಕ ಕಟೆಚು. ಆತ ಈ ನೆಲ ತುಳಿದವನಲ್ಲ. ಆದರೂ ಆ ಎರಡು ಪದಗಳೂ ನಮ್ಮ ಕಡೆಯವೇ. ಮಲಯಾಳದ ಅಡಕ್ಕ, ಕನ್ನಡದ ಅಡಿಕೆ, ಈ ಅಕ್ಕತಂಗಿಯರ ಮಾತು ಪೋರ್ಚುಗೀಸರ ಕಿವಿಗೆ ಬಿತ್ತು. ನಮ್ಮ ‘ಡ’ ಅವರ ನಾಲಿಗೆಯಲ್ಲಿ ‘ರ’ ಆಗಿ ‘ಅರೆಕ’ ಆಯಿತು. ಕಟೆಚು ಎಂಬುದು ಮಲಯ್ ಭಾಷೆಯ ಮೂಲಕ ಹೋದ ನಮ್ಮ ‘ಕಾಚು’. ತಾಂಬೂಲಕ್ಕೆ ಹಚ್ಚುವ ಅದೇ ಕಾಚು. ಲೋಕದ ಯಾವ ಮೂಲೆಯ ಸಸ್ಯವಿಜ್ಞಾನಿ ಅಡಿಕೆಯ ಹೆಸರು ಬರೆದರೂ ‘ಅಡಿಕೆ ಕಾಚು’ ಎಂದೇ ಬರೆದಂತೆ.

ಇಲ್ಲಿಯೂ ಒಂದು ತಪ್ಪಿದೆ. ಕಾಚು ಬರುವುದು ಅಡಿಕೆಯಿಂದಲ್ಲ, ಕಗ್ಗಲಿ ಮರದ, ಸಂಸ್ಕೃತದಲ್ಲಿ ಖದಿರ ಎನ್ನುವ ಮರದ ಚೇಗನ್ನು ಕುದಿಸಿ. ಯುರೋಪಿನ ಔಷಧಿ ಅಂಗಡಿಯವರಿಗೆ ಅದು ಮರದ್ದೆಂದೇ ತಿಳಿದಿರಲಿಲ್ಲ. ‘ಟೆರ್ರಾ ಜಪಾನಿಕಾ’, ಜಪಾನಿನ ಮಣ್ಣು, ಎಂದು ಬರೆದು ಮಾರುತ್ತಿದ್ದರು. ಅದು ಮಣ್ಣಲ್ಲ, ಜಪಾನಿನದೂ ಅಲ್ಲ. ಹಾಗಾದರೆ ಅಡಿಕೆಗೆ ಕಾಚಿನ ಹೆಸರು ಅಂಟಿದ್ದು ಬರೀ ಅಜ್ಞಾನವೇ? ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಂತವರು ಹಾಗೆನ್ನಲಾರರು. ಎಳೆಯ ಕಾಯಿ ಸುಲಿದು ಬೇಯಿಸಿದಾಗ ನೀರಿಗೆ ಬಿಡುವ ಕೆಂಪು ಸಾರವೇ ಚೊಗರು. ಹಂಡೆಗೆ ಹಂಡೆ ಬೇಯಿಸಿದಂತೆ ಅದು ಮಂದವಾಗಿ ರಾಬಿನಂತಾಗುತ್ತದೆ. ಅದನ್ನು ಕಾಪಿಟ್ಟು ಮುಂದಿನ ಅಡಿಕೆಗೆ ಬಣ್ಣ ಕಟ್ಟುತ್ತೀರಿ. ಈಸ್ಟ್ ಇಂಡಿಯಾ ಕಂಪನಿಯ ಸಸ್ಯವಿಜ್ಞಾನಿ ಬೆಂಜಮಿನ್ ಹೈನ್ ಶಿರಾ ಸೀಮೆಯಲ್ಲಿ ಇಂಥದೇ ಕೆಲಸ ಕಂಡು, ಅಡಿಕೆ ಬೇಯಿಸಿದ ನೀರನ್ನು ಬತ್ತಿಸಿ ‘ಕಸ್ಸು’ ಮಾಡುವುದನ್ನು 1814ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಕಸ್ಸು ಎಂದರೆ ಕಾಚೇ. ಅಂದರೆ ಅಡಿಕೆಯ ಕಾಚೂ ಒಂದಿತ್ತು. ಲಿನೇಯಸ್ ಅರ್ಧ ತಪ್ಪಿದ್ದ, ಅರ್ಧ ಸರಿಯಿದ್ದ. ಸರಿಯಿದ್ದ ಆ ಅರ್ಧಕ್ಕೆ ಸಾಕ್ಷಿ ನಿಮ್ಮ ಮನೆಯ ಚೊಗರಿನ ಪಾತ್ರೆ.

ಇಂಗ್ಲಿಷರು ಅಡಿಕೆಗೆ ಇಟ್ಟ ಇನ್ನೊಂದು ಹೆಸರು ‘ಬೀಟಲ್ ನಟ್’. ಬೀಟಲ್ ಎಂದರೆ ವೀಳ್ಯದೆಲೆ, ಮಲಯಾಳದ ‘ವೆಟ್ಟಿಲ’ದಿಂದ ಹೋದ ಪದ. ಜೊತೆಗೆ ಮೆಲ್ಲುವ ಎಲೆಯ ಹೆಸರು ಕಾಯಿಗೆ ಅಂಟಿತು. ಮೆಲ್ಲುವ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಅಡಿಕೆಯನ್ನು ಅಡ್ಡಕ್ಕೆ ಕತ್ತರಿಸಿದಾಗ ಕಾಣುವ ಬಿಳಿ-ಕಂದು ಗೆರೆಗಳ ಚಿತ್ತಾರಕ್ಕೆ ಸಸ್ಯಶಾಸ್ತ್ರದಲ್ಲಿರುವ ಪದದ ಅರ್ಥ ‘ಮೆಲುಕು ಹಾಕಿದ್ದು’. ಬೀಜ ಒಳಗೊಳಗೇ ಜಗಿದಂತೆ ಕಾಣುವುದಕ್ಕೆ ಆ ಹೆಸರು. ಬಾಯಿಗೆ ಹಾಕುವ ಮೊದಲೇ ಜಗಿದಿಟ್ಟಂಥ ಬೀಜವನ್ನು ಜಗಿಯುತ್ತೇವೆ ಎಂದಾಯಿತು.

ಅಡಿಕೆಯ ಹೆಸರು ರಸಾಯನಶಾಸ್ತ್ರಕ್ಕೂ ಹೋಗಿದೆ. ಅದರಲ್ಲಿನ ಮುಖ್ಯ ಕ್ಷಾರಕ ಅರಿಕೋಲಿನ್. ನಾಯಿಗಳ ಲಾಡಿಹುಳು ಬೀಳಿಸಲು ಪಶುವೈದ್ಯರು ಹಿಂದೆ ಅದನ್ನೇ ಕೊಡುತ್ತಿದ್ದರು. ಇಷ್ಟು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಈ ವೇದಿಕೆಗೆ ದ್ರೋಹವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನು, ತಂಬಾಕು ಬೆರೆಸದೆ ಜಗಿದರೂ, ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಈ ತಾಲ್ಲೂಕಿನ ಸಾವಿರಾರು ಮನೆಗಳ ಒಲೆ ಉರಿಯುವುದು ಅಡಿಕೆಯಿಂದ ಎಂಬುದು ನನಗೆ ಗೊತ್ತು, ನನ್ನ ನೆಂಟರ ಮನೆಗಳೂ ಅವುಗಳಲ್ಲಿವೆ. ಹಾಗಿದ್ದೂ ಮಕ್ಕಳ ಬಾಯಿಗೆ ಗುಟ್ಕಾ, ಸಿಹಿ ಅಡಿಕೆ ಪೊಟ್ಟಣ ಹೋಗದಂತೆ ಕಾಯುವುದು ಬೆಳೆಗಾರರ ಮನೆಯಿಂದಲೇ ಶುರುವಾಗಬೇಕೆಂದು ಕೈ ಜೋಡಿಸಿ ಕೇಳುತ್ತೇನೆ.

ಚನ್ನಗಿರಿಯ ಇನ್ನೊಂದು ಸೋಜಿಗ ಸೂಳೆಕೆರೆ, ಶಾಂತಿಸಾಗರ. ಸುತ್ತಳತೆ ನಲವತ್ತು ಮೈಲಿ ಎಂದು ಹಳೆಯ ಗೆಜೆಟಿಯರಿನಲ್ಲೇ ಇದೆ. ಕೆರೆಯ ಹುಟ್ಟಿಗೆ ಹೆಣೆದುಕೊಂಡ ಶಾಂತವ್ವೆಯ ಐತಿಹ್ಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಅದನ್ನು ಬಿಡುತ್ತೇನೆ. ನನ್ನನ್ನು ಸೆಳೆಯುವುದು ಅದರ ಏರಿ. ಹರಿದ್ರಾವತಿ ಹರಿಯುವ ಎರಡು ಗುಡ್ಡಗಳ ಇಕ್ಕಟ್ಟನ್ನು ಕಟ್ಟಿದ ಗಿಡ್ಡ ಏರಿ. ಇಷ್ಟು ದೊಡ್ಡ ನೀರನ್ನು ಇಷ್ಟು ಗಿಡ್ಡ ಏರಿ ಹೇಗೆ ತಡೆದಿದೆ ಎಂದು ಕೇಳದವರಿಲ್ಲ. ನಿಂತ ನೀರು ಏರಿಯನ್ನು ತಳ್ಳುವ ಬಲ ನೀರು ಎಷ್ಟು ದೂರ ಹಬ್ಬಿದೆ ಎಂಬುದರಿಂದ ಹೆಚ್ಚುವುದಿಲ್ಲ, ಎಷ್ಟು ಆಳವಿದೆ ಎಂಬುದರಿಂದ ಹೆಚ್ಚುತ್ತದೆ. ಅಷ್ಟೇ ಆಳದ ನೀರು ಏರಿಯ ಹಿಂದೆ ಹತ್ತು ಮಾರು ಇರಲಿ, ಹತ್ತು ಮೈಲಿ ಇರಲಿ, ತಳ್ಳುವುದು ಅಷ್ಟೇ. ಗಾಳಿಗೆ ಏಳುವ ಅಲೆಯ ಮಾತು ಬೇರೆ. ಯುರೋಪಿನಲ್ಲಿ ನೀರಿನ ಒತ್ತಡದ ಈ ಲೆಕ್ಕವನ್ನು ಸೈಮನ್ ಸ್ಟೆವಿನ್ ಬರೆದದ್ದು 1586ರಲ್ಲಿ. ಅದಕ್ಕೆ ಶತಮಾನಗಳ ಮುಂಚೆಯೇ ನಮ್ಮ ಏರಿ ಕಟ್ಟುವವರು ಅಗಲದ ಜಾಗ ಬಿಟ್ಟು ಇಕ್ಕಟ್ಟಿನ ಜಾಗ ಆರಿಸಿದರು, ಬುಡವನ್ನು ದಪ್ಪ ಮಾಡಿದರು. ಅವರು ಸೂತ್ರ ಬರೆದಿಡಲಿಲ್ಲ, ಏರಿಯನ್ನು ನಿಲ್ಲಿಸಿ ಹೋದರು.

ಹರಿದ್ರಾ ಎಂದರೆ ಅರಿಶಿನ. ಆ ಹೊಳೆ ಹರಿಹರದ ಬಳಿ ತುಂಗಭದ್ರೆಗೆ ಸೇರುತ್ತದೆ. ತುಂಗಭದ್ರೆಯ ದಡದಲ್ಲೇ ಮೇಲಕ್ಕೆ ನಡೆದರೆ ಹೊನ್ನಾಳಿ.

ಇಲ್ಲಿ ಒಂದು ಅಕ್ಷರದ ಕಥೆ ಹೇಳಬೇಕು. ಪಂಪ 941ರ ಹೊತ್ತಿಗೆ ಕಾವ್ಯ ಬರೆಯುವಾಗ ಹೊನ್ನು ‘ಪೊನ್’ ಆಗಿತ್ತು. ಹಾಲು ಪಾಲು, ಹುಲಿ ಪುಲಿ, ಹಳ್ಳಿ ಪಳ್ಳಿ. ಮುಂದಿನ ಕೆಲವು ಶತಮಾನಗಳಲ್ಲಿ ಪದದ ಮೊದಲಿನ ‘ಪ’ ಕನ್ನಡದಲ್ಲಿ ಕರಗಿ ‘ಹ’ ಆಯಿತು. ತಮಿಳರು ಇಂದೂ ಪೊನ್ ಎನ್ನುತ್ತಾರೆ, ತುಳುವರು ಹುಲಿಯನ್ನು ಪಿಲಿ ಎನ್ನುತ್ತಾರೆ. ಇದರಿಂದಾದ ಪರಿಣಾಮವನ್ನು ಮಕ್ಕಳು ಮನೆಯಲ್ಲೇ ನೋಡಬಹುದು. ಕನ್ನಡ ನಿಘಂಟಿನ ‘ಪ’ ಭಾಗ ತೆರೆಯಿರಿ. ಪಾಠ, ಪುಸ್ತಕ, ಪರೀಕ್ಷೆ, ಪೆನ್ನು, ಪೊಲೀಸು, ಬಹುಪಾಲು ಹೊರಗಿನಿಂದ ಬಂದವು. ಪಡೆ, ಪಡುವಿನಂಥ ಕೆಲವು ಹಳಬರು ಉಳಿದಿದ್ದಾರೆ. ಮನೆಯವರೆಲ್ಲ ‘ಹ’ಕ್ಕೆ ವಲಸೆ ಹೋದ ಮೇಲೆ ಖಾಲಿಯಾದ ಓಣಿಯಲ್ಲಿ ಹೊಸಬರು ಬಂದು ಸೇರಿಕೊಂಡರು.

ಹೊನ್ನಾಳಿಯ ಹೆಸರಿನಲ್ಲಿ ಹೊನ್ನಿದೆ, ನೆಲದಲ್ಲಿಯೂ ಇದೆ. ಕುದುರೆಕೊಂಡ, ಪಲವನಹಳ್ಳಿಯ ಸುತ್ತಿನ ಚಿನ್ನದ ಸೀಮೆಯನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲೇ ಓಡಾಡಿ ನೋಡಿದ. ಧಾರವಾಡದ ಹೆಸರನ್ನು ಲೋಕದ ಭೂವಿಜ್ಞಾನಕ್ಕೆ ಕೊಟ್ಟವನೂ ಅವನೇ. ಆ ಧಾರವಾಡ ಶಿಲೆಗಳಿಗೆ 250 ಕೋಟಿ ವರ್ಷಗಳಿಗೂ ಮೀರಿದ ವಯಸ್ಸು. ಚಿನ್ನದ ವಯಸ್ಸು ಅದಕ್ಕಿಂತ ಹೆಚ್ಚು, ಏಕೆಂದರೆ ಭೂಮಿ ಚಿನ್ನವನ್ನು ಹುಟ್ಟಿಸಲಾರದು. 2017ರ ಆಗಸ್ಟ್ 17ರಂದು ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದ ಕಂಪನ ಇಲ್ಲಿಗೆ ತಲುಪಿತು. ಆ ಡಿಕ್ಕಿಯ ಬೆಳಕನ್ನು ಪರೀಕ್ಷಿಸಿದವರಿಗೆ ಚಿನ್ನದಂಥ ಭಾರದ ಧಾತುಗಳು ಅಂಥ ಡಿಕ್ಕಿಯಲ್ಲಿ ತಯಾರಾಗುತ್ತವೆ ಎಂಬ ಪುರಾವೆ ಸಿಕ್ಕಿತು. ಭೂಮಿ, ಸೂರ್ಯ ಹುಟ್ಟುವ ಮೊದಲೇ ಎಲ್ಲೋ ನಕ್ಷತ್ರಗಳು ಸತ್ತದ್ದರಿಂದ ಹೊನ್ನಾಳಿಯ ಕಲ್ಲಿಗೆ ಹೊನ್ನು ಬಂದಿದೆ. ನಮ್ಮ ತಾಯಂದಿರ ಮಾಂಗಲ್ಯದಲ್ಲಿರುವುದೂ ಅದೇ.

ಕೊನೆಗೆ ನ್ಯಾಮತಿ. ತಾಲ್ಲೂಕು ಹೊಸದು, ಹೊನ್ನಾಳಿಯಿಂದ ಬೇರೆಯಾದದ್ದು. ಅಲ್ಲಿನ ಸೂರಗೊಂಡನಕೊಪ್ಪ ದೇಶದ ಬಂಜಾರರಿಗೆಲ್ಲ ಪುಣ್ಯಕ್ಷೇತ್ರ. 1739ರಲ್ಲಿ ಹುಟ್ಟಿದ ಸಂತ ಸೇವಾಲಾಲರ ಜನ್ಮಸ್ಥಳ. ತಾಂಡಾದ ಮನೆಗಳಲ್ಲಿ ಆಡುವ ಗೋರ್ ಬೋಲಿ ಕನ್ನಡದ ಕುಟುಂಬಕ್ಕೆ ಸೇರಿದ್ದಲ್ಲ, ರಾಜಸ್ಥಾನಿಯ ನೆಂಟ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ನಡೆದವರ ಜೊತೆ ಆ ಮಾತೂ ನಡೆದು ಬಂತು. ಅದಕ್ಕೆ ಸ್ವಂತ ಲಿಪಿಯಿಲ್ಲ. ಇಲ್ಲಿ ಕನ್ನಡದಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ, ಆಂಧ್ರ–ತೆಲಂಗಾಣದಲ್ಲಿ ತೆಲುಗಿನಲ್ಲಿ ಬರೆಯುತ್ತಾರೆ. ಒಂದೇ ಹಾಡನ್ನು ಮೂವರು ಮೂರು ಲಿಪಿಗಳಲ್ಲಿ ಬರೆದರೆ ಒಬ್ಬರದನ್ನು ಒಬ್ಬರು ಓದಲಾರರು, ಬಾಯಿಬಿಟ್ಟು ಹಾಡಿದರೆ ಮೂವರಿಗೂ ಅರ್ಥವಾಗುತ್ತದೆ.

ವಿದ್ಯಾರ್ಥಿಗಳೇ, ನನ್ನದೊಂದು ಕೋರಿಕೆ. ಅಡಿಕೆ ಸುಲಿಯುವ ಅಂಗಳದಲ್ಲಿ, ಕುರಿಹಟ್ಟಿಯಲ್ಲಿ, ತಾಂಡಾದಲ್ಲಿ, ಕೆರೆಯ ತೂಬಿನ ಬಳಿ ಹಿರಿಯರು ಆಡುವ ಹೆಸರುಗಳಲ್ಲಿ ಬಹಳಷ್ಟು ಯಾವ ನಿಘಂಟಿಗೂ ಹತ್ತಿಲ್ಲ. ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ಈ ಸುಗ್ಗಿ ಮುಗಿಯುವುದರೊಳಗೆ ನಿಮ್ಮ ಊರಿನ ಗಿಡ, ಹಕ್ಕಿ, ಹುಳು, ಮಣ್ಣು, ಉಪಕರಣಗಳ ಐವತ್ತು ಹೆಸರು ಬರೆಯಿರಿ. ಯಾರ ಬಾಯಿಂದ ಕೇಳಿದಿರಿ, ಯಾವ ಊರಲ್ಲಿ, ಯಾವ ತಾರೀಕು ಎಂಬುದನ್ನು ಪಕ್ಕದಲ್ಲೇ ಬರೆಯಿರಿ. ಮುಂದಿನ ವರ್ಷ ಇದೇ ದತ್ತಿಯ ಕಾರ್ಯಕ್ರಮಕ್ಕೆ ಆ ಪುಸ್ತಕಗಳನ್ನು ತನ್ನಿ. ನಾನು ಬಂದು ಓದುತ್ತೇನೆ.